ದಿವಾಳಿ ಅರ್ಜಿಗೆ ಮುಂಚೆ: ಉಚಿತ ಸಾಲ ಸಲಹಾ ಕೇಂದ್ರದಲ್ಲಿ ನಮಗೆ ಸಿಕ್ಕಿದ್ದು

ಸಾಲ ಕೈಮೀರಿ ಹೋದಾಗ ಎಲ್ಲಿಗೆ ಹೋಗಬೇಕು ಅಂತ ಈಗ ಯಾರಾದರೂ ನನ್ನನ್ನು ಕೇಳಿದರೆ, ಫೀಸು ತೆಗೆದುಕೊಳ್ಳದ, ತಾನೇ ಸಾಲ ಕೊಡದ, ಯಾವ ಸ್ಕೀಮನ್ನೂ ಮಾರದ ಸಲಹಾ ಕೇಂದ್ರಕ್ಕೆ ಮೊದಲು ಹೋಗಿ ಅನ್ನುತ್ತೇನೆ. ವಕೀಲರ ಹತ್ತಿರ ಆಮೇಲೆ ಹೋದರಾಯಿತು. ‘ನಿಮ್ಮ ಸಾಲವನ್ನು ಅರ್ಧಕ್ಕೆ ಇಳಿಸಿಕೊಡುತ್ತೇವೆ’ ಅಂತ ಫೋನು ಮಾಡುವ ಕಂಪನಿಗಳಿಂದ ದೂರ ಇರಿ. ನಾವು ಅಂಥ ಕಂಪನಿಯೊಂದರ ಮಾತನ್ನೂ ಕೇಳಿ, ಆಮೇಲೆ ಉಚಿತ ಕೇಂದ್ರಕ್ಕೆ ಹೋದವರು. ಎರಡರ ಹೆಸರನ್ನೂ ಬರೆಯುತ್ತಿಲ್ಲ. ಓದುವವರು ಎಲ್ಲಿಯವರೇ ಆಗಿರಲಿ, ಸಲಹೆಗಾರರು ಏನು ಕೇಳುತ್ತಾರೆ, ಯಾವುದನ್ನು ಮೊದಲು ಕೇಳುತ್ತಾರೆ ಅನ್ನುವುದರಿಂದಲೇ ಅವರನ್ನು ಅಳೆಯಬಹುದು.

ನಮ್ಮನೆಯವರದು ಸಣ್ಣ ಪ್ರಿಂಟಿಂಗ್ ಪ್ರೆಸ್. ಬೆನ್ನಿನ ಆಪರೇಷನ್ ಆಗಿ ತಿಂಗಳುಗಟ್ಟಲೆ ಮಲಗಿದರು, ಆರ್ಡರುಗಳು ಒಂದೊಂದಾಗಿ ಬೇರೆ ಪ್ರೆಸ್ಸುಗಳ ಪಾಲಾದವು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಮನೆಗೆ ಬರುತ್ತಿದ್ದದ್ದು ನನ್ನೊಬ್ಬಳ ಸಂಬಳ. ಬಾಕಿಗಳು ಹೀಗಿದ್ದವು: ಮಷೀನಿನ ಮೇಲಿನ ಸಾಲ, ಎರಡು ಕ್ರೆಡಿಟ್ ಕಾರ್ಡು, ನನ್ನ ತಮ್ಮ ಜಾಮೀನು ಹಾಕಿದ್ದ ಒಂದು ಪರ್ಸನಲ್ ಲೋನ್, ಭಾವನವರಿಂದ ತೆಗೆದುಕೊಂಡ ಕೈಸಾಲ, ಮತ್ತೆ ಪೇಪರ್ ಸಪ್ಲೈ ಮಾಡುತ್ತಿದ್ದವರಿಗೆ ಕೊಡಬೇಕಿದ್ದ ತುಂಬ ಹಳೆಯ ಬಾಕಿ. ಸಂಬಳ ಬಂದ ವಾರದಲ್ಲೇ ಕಂತುಗಳಿಗೆ ಹೋಗಿಬಿಡುತ್ತಿತ್ತು. ಮಿಕ್ಕ ತಿಂಗಳು ಕಾರ್ಡಿನಲ್ಲಿ ನಡೆಯುತ್ತಿತ್ತು.

ಆ ಕಂಪನಿಯ ಹುಡುಗ ಫೋನಿನಲ್ಲಿ ತುಂಬ ವಿನಯವಾಗಿ ಮಾತಾಡಿದ. ಎಲ್ಲ ಕಂತುಗಳನ್ನೂ ನಿಲ್ಲಿಸಿ, ಆ ದುಡ್ಡನ್ನು ತಿಂಗಳು ತಿಂಗಳು ನಮ್ಮ ಖಾತೆಗೆ ಹಾಕಿ, ಅದು ಬೆಳೆದ ಮೇಲೆ ಬ್ಯಾಂಕುಗಳ ಜೊತೆ ನಾವು ಸೆಟ್ಲ್‌ಮೆಂಟ್ ಮಾಡಿಸುತ್ತೇವೆ, ಆದರೆ ನಮ್ಮ ಫೀಸು ಮೊದಲೇ ಕಟ್ಟಬೇಕು ಅಂದ. ಒಟ್ಟು ಸಾಲ ಎಷ್ಟು ಅಂತ ಎರಡು ಸಲ ಕೇಳಿದ. ಯಾವ ಸಾಲಕ್ಕೆ ಅಡಮಾನ ಇದೆ ಅಂತ ಒಂದು ಸಲವೂ ಕೇಳಲಿಲ್ಲ. ಜಾಮೀನು ಯಾರದು ಅಂತ ಕೇಳಲಿಲ್ಲ. ಕಂತು ನಿಲ್ಲಿಸಿದರೆ ಬಡ್ಡಿ, ತಡ ಶುಲ್ಕ ಏರುತ್ತಲೇ ಹೋಗುತ್ತದೆ, ಅಷ್ಟರೊಳಗೆ ಕೋರ್ಟಿನ ನೋಟೀಸೂ ಬರಬಹುದು ಅನ್ನುವುದನ್ನು ನಾವೇ ಕೆದಕಿ ಕೇಳಿದ ಮೇಲೆ ಒಪ್ಪಿಕೊಂಡ. ನಾವು ಸಹಿ ಹಾಕಲಿಲ್ಲ. ಹೀಗೆ ಫೋನಿನಲ್ಲಿ ಗಿರಾಕಿ ಹಿಡಿಯುವ ಸಾಲ ಪರಿಹಾರ ಕಂಪನಿಗಳು ಒಂದು ಸಾಲವನ್ನಾದರೂ ಇತ್ಯರ್ಥ ಮಾಡಿಸುವ ಮೊದಲು ಫೀಸು ವಸೂಲು ಮಾಡಬಾರದು ಅಂತ ಅಮೆರಿಕದಲ್ಲಿ 2010ರಲ್ಲೇ ನಿಯಮ ಬಂತು ಅಂತ ಆಮೇಲೆ ಓದಿದೆ. ಅಲ್ಲಿ ಎಷ್ಟು ಜನ ಕೆಟ್ಟ ಮೇಲೆ ಆ ನಿಯಮ ಬಂದಿರಬೇಕು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಉಚಿತ ಕೇಂದ್ರದಲ್ಲಿ ನಮಗೆ ಸಿಕ್ಕವರು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ನಾನು ಫೈಲು ತೆಗೆಯಲು ಹೊರಟಾಗ ಕೈ ಅಡ್ಡ ಹಿಡಿದರು. “ಅದು ಇರಲಿ ಮೇಡಂ. ಈ ತಿಂಗಳು ಮನೆ ಬಾಡಿಗೆ, ದಿನಸಿ, ಸರ್‌ಗೆ ಔಷಧಿ, ಇಷ್ಟಕ್ಕೆ ದುಡ್ಡಿದೆಯಾ?” ಅಂದರು. ಇಲ್ಲ ಅಂದೆ. “ಹಾಗಾದರೆ ಅದನ್ನು ಮೊದಲು ತೆಗೆದಿಟ್ಟು ಮಿಕ್ಕಿದ್ದರಲ್ಲಿ ಸಾಲದ ಮಾತಾಡೋಣ.” ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ಇದರ ಉಲ್ಟಾ. ಯಾರು ಜೋರಾಗಿ ಫೋನು ಮಾಡುತ್ತಾರೋ ಅವರಿಗೆ ಮೊದಲು ಕೊಟ್ಟು, ಮಿಕ್ಕಿದ್ದರಲ್ಲಿ ಊಟ.

ಆಮೇಲೆ ಒಂದು ದೊಡ್ಡ ಹಾಳೆ ಹರಡಿ, ಪೆನ್ಸಿಲಿನಲ್ಲಿ ಗೆರೆ ಎಳೆದರು. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಅಡಮಾನ ಇದೆಯೇ, ಕೊನೆಯ ಸಲ ಕಟ್ಟಿದ್ದು ಯಾವಾಗ. ಕಡೆಯ ಅಂಕಣ ಉಳಿದವುಗಳಿಗಿಂತ ಅಗಲ: ‘ಕಟ್ಟದಿದ್ದರೆ ಏನು ಹೋಗುತ್ತದೆ’. ಮನೆ ಹೋಗುತ್ತದೆಯೇ, ಕರೆಂಟು ಹೋಗುತ್ತದೆಯೇ, ದುಡಿಯುವ ಸಾಧನ ಹೋಗುತ್ತದೆಯೇ, ಅಥವಾ ಸದ್ಯಕ್ಕೆ ಬೈಗುಳದ ಫೋನು, ಕೆಟ್ಟ ಕ್ರೆಡಿಟ್ ಸ್ಕೋರು ಇಷ್ಟೇನಾ. ನಮ್ಮ ಸಾಲಗಳ ಸರದಿ ಆ ಒಂದು ಅಂಕಣದಿಂದ ಪೂರ್ತಿ ಬದಲಾಯಿತು. ತಲೆ ತಿನ್ನುತ್ತಿದ್ದ ಕಾರ್ಡುಗಳು ಕೆಳಗೆ ಹೋದವು. ಯಾರೂ ಫೋನೇ ಮಾಡದಿದ್ದ ಮನೆ ಬಾಡಿಗೆಯ ಬಾಕಿ ಮೇಲೆ ಬಂತು.

ಕಾರ್ಡಿನ ಲೆಕ್ಕವನ್ನು ಅವರು ನನ್ನ ಕೈಯಲ್ಲೇ ಮಾಡಿಸಿದರು, ಗಣಿತದ ಟೀಚರ್ ಅಂತ ಗೊತ್ತಾದ ಮೇಲೆ. ಬಾಕಿ 100 ಇದೆ ಅಂತಿಟ್ಟುಕೊಳ್ಳಿ, ತಿಂಗಳಿಗೆ ಶೇ 3 ಬಡ್ಡಿ, ಮಿನಿಮಮ್ ಡ್ಯೂ ಅಂತ ಶೇ 5 ಕಟ್ಟುತ್ತೀರಿ. ಕಟ್ಟಿದ 5ರಲ್ಲಿ 3 ಬಡ್ಡಿಗೆ ಹೋಗಿ, ಅಸಲಿಗೆ ಸಲ್ಲುವುದು 2. ಕಾರ್ಡನ್ನು ಮತ್ತೆ ಮುಟ್ಟದೆ ಒಂದು ವರ್ಷ ಹೀಗೆ ಕಟ್ಟಿದರೆ ಕೈಬಿಟ್ಟು ಹೋದದ್ದು 54ರ ಹತ್ತಿರ, ಉಳಿದ ಬಾಕಿ ಇನ್ನೂ 78ರ ಮೇಲೆ. ಬಾಕಿ ಅರ್ಧಕ್ಕೆ ಇಳಿಯಲು ಮೂರು ವರ್ಷದ ಹತ್ತಿರ ಬೇಕು. ಏನೂ ಕಟ್ಟದೆ ಬಿಟ್ಟರೆ ವರ್ಷಕ್ಕೆ ಚಕ್ರಬಡ್ಡಿ ಶೇ 42 ದಾಟುತ್ತದೆ, ತಡ ಶುಲ್ಕ ಬೇರೆ. ಮಕ್ಕಳಿಗೆ ಚಕ್ರಬಡ್ಡಿಯ ಸೂತ್ರವನ್ನು ಎಷ್ಟೋ ವರ್ಷದಿಂದ ಕಲಿಸಿಕೊಂಡು ಬಂದಿದ್ದೇನೆ. ಅದೇ ಸೂತ್ರ ನಮ್ಮ ಮನೆಯ ಹಾಳೆಯ ಮೇಲೆ ಕೂತಾಗ ನಮ್ಮನೆಯವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದು, ಕಿಟಕಿಯ ಹತ್ತಿರ ಹೋಗಿ ನಿಂತರು. ಆಕೆ ಅವಸರ ಮಾಡಲಿಲ್ಲ. ಅವರಾಗಿ ಬಂದು ಕೂರುವವರೆಗೆ ಕಾದರು.

ನನಗೆ ಈ ಸೇವೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನ್ನಿಸಿದ ಮಾತು ಬಂದದ್ದು ಭಾವನವರ ಕೈಸಾಲದ ಹತ್ತಿರ. ನಮ್ಮನೆಯವರಿಗೆ ಅಣ್ಣನ ಸಾಲ ತೀರಿಸಲಿಲ್ಲವಲ್ಲ ಅನ್ನುವುದು ಬ್ಯಾಂಕಿನ ಸಾಲಕ್ಕಿಂತ ದೊಡ್ಡ ಸಂಕಟ. ಮಷೀನು ಮಾರಿದರೆ ಸಾಲ ಕಳೆದು ಮೇಲೆ ಒಂದಿಷ್ಟು ಉಳಿಯಬಹುದು, ಅದನ್ನು ಪೂರ್ತಿ ಅಣ್ಣನಿಗೆ ಕೊಟ್ಟು, ಆಮೇಲೆ ದಿವಾಳಿ ಅರ್ಜಿ ಹಾಕಿಬಿಡೋಣ ಅಂತ ಅವರ ಮನಸ್ಸಿನಲ್ಲಿತ್ತು. ಅದನ್ನು ಅಲ್ಲಿ ಬಾಯಿಬಿಟ್ಟು ಹೇಳಿದರು. ಆಕೆ ಪೆನ್ಸಿಲು ಕೆಳಗಿಟ್ಟರು.

“ಸರ್, ಹಾಗೆ ಮಾಡಬೇಡಿ. ದಿವಾಳಿಗೆ ಸ್ವಲ್ಪ ಮುಂಚೆ ಒಬ್ಬ ಸಾಲಿಗನಿಗೆ ಮಾತ್ರ, ಅದರಲ್ಲೂ ಮನೆಯವರಿಗೆ ಕೊಟ್ಟ ದುಡ್ಡನ್ನು ವಾಪಸು ಕೇಳುವ ಅಧಿಕಾರ ಕಾನೂನಿನಲ್ಲಿದೆ. ನಿಮ್ಮ ಆಸ್ತಿ ನೋಡಿಕೊಳ್ಳಲು ನೇಮಕವಾಗುವವರು ನಿಮ್ಮ ಅಣ್ಣನಿಗೆ ನೋಟೀಸು ಕಳಿಸುತ್ತಾರೆ. ಋಣ ತೀರಿಸಲು ಹೋಗಿ ಅವರನ್ನು ಕೋರ್ಟಿಗೆ ಎಳೆದ ಹಾಗಾಗುತ್ತದೆ.”

ಈ ತತ್ವ ಬಹಳ ದೇಶಗಳ ದಿವಾಳಿ ಕಾನೂನಿನಲ್ಲಿದೆ. ಅಮೆರಿಕದಲ್ಲಿ ಸಾಮಾನ್ಯ ಸಾಲಿಗರಿಗಾದರೆ ಹಿಂದಿನ 90 ದಿನಗಳ ಪಾವತಿಯನ್ನು ನೋಡುತ್ತಾರೆ, ನೆಂಟರಿಗಾದರೆ ಒಂದು ವರ್ಷ ಹಿಂದಕ್ಕೆ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಹತ್ತಿರದವರಿಗೆ ಕೊಟ್ಟದ್ದಾದರೆ ಎರಡು ವರ್ಷದವರೆಗೆ ಕೆದಕಬಹುದು. ಆಸ್ತಿಯನ್ನು ಹೆಂಡತಿಯ ಹೆಸರಿಗೋ ಮಕ್ಕಳ ಹೆಸರಿಗೋ ಬರೆದಿಡುವುದೂ ಇದೇ ಜಾತಿಗೆ ಸೇರಿದ್ದು, ಇನ್ನೂ ಅಪಾಯದ್ದು. ‘ಮೊದಲು ಎಲ್ಲ ಹೆಂಡತಿ ಹೆಸರಿಗೆ ಮಾಡಿಬಿಡು’ ಅಂತ ಹಿತೈಷಿಗಳು ನಮಗೂ ಹೇಳಿದ್ದರು. ಸಲಹೆಗಾರರು ಇದನ್ನು ತಾವಾಗಿ ಕೇಳಿ ತಡೆಯದಿದ್ದರೆ ಅವರ ಸಲಹೆ ಅರ್ಧ ಸಲಹೆ.

ಪೇಪರ್ ಸಪ್ಲೈಯರ್‌ರ ಹಳೇ ಬಾಕಿಯ ಬಗ್ಗೆಯೂ ಇಂಥದ್ದೇ ಒಂದು ಸೂಕ್ಷ್ಮ ಇತ್ತು. ಸಾಲ ವಸೂಲಿಗೆ ಕೋರ್ಟಿಗೆ ಹೋಗಲು ಕಾಲಮಿತಿ ಇರುತ್ತದೆ. ಭಾರತದಲ್ಲಿ 1963ರ ಕಾಯ್ದೆಯ ಪ್ರಕಾರ ಇಂಥ ಸಾಲಗಳಿಗೆ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷ. ಆ ಅವಧಿ ಮುಗಿಯುವ ಮೊದಲು ಒಂದು ಸಣ್ಣ ಮೊತ್ತ ಕಟ್ಟಿದರೂ, ‘ಹೌದು, ಬಾಕಿ ಇದೆ’ ಅಂತ ಬರೆದುಕೊಟ್ಟರೂ ಗಡುವು ಹೊಸದಾಗಿ ಶುರುವಾಗಬಹುದು. ವಸೂಲಿಯವರು ‘ಒಂದು ಸಣ್ಣ ಅಮೌಂಟಾದರೂ ಹಾಕಿ’ ಅಂತ ಯಾಕೆ ಒತ್ತಾಯ ಮಾಡುತ್ತಾರೆ ಅಂತ ಆಗ ಅರ್ಥವಾಯಿತು. ಆ ಬಾಕಿ ನ್ಯಾಯವಾದದ್ದು, ಕೊಡಬೇಕು ಅಂತಲೇ ನಾವಿಬ್ಬರೂ ತೀರ್ಮಾನಿಸಿದ್ದೇವೆ. ಆದರೆ ಯಾವಾಗ, ಯಾವ ಸರದಿಯಲ್ಲಿ ಅನ್ನುವುದನ್ನು ತಿಳಿದು ಕೊಡುವುದಕ್ಕೂ ಹೆದರಿ ಕೊಡುವುದಕ್ಕೂ ವ್ಯತ್ಯಾಸ ಇದೆ.

ದಿವಾಳಿಯ ಮಾತನ್ನು ಆಕೆ ಎತ್ತಿದ್ದು ಇದೆಲ್ಲ ಆದ ಮೇಲೆ. ಹೆದರಿಸಲೂ ಇಲ್ಲ, ಹುರಿದುಂಬಿಸಲೂ ಇಲ್ಲ. ನಮ್ಮನೆಯವರ ತಲೆಯಲ್ಲಿ ದಿವಾಳಿ ಅಂದರೆ ಸಾಯುವವರೆಗೂ ಹಣೆಯ ಮೇಲಿನ ಬರಹ ಅಂತಿತ್ತು. ಅವಧಿ ದೇಶದಿಂದ ದೇಶಕ್ಕೆ ಬೇರೆ ಅಂತ ಉದಾಹರಣೆ ಕೊಟ್ಟರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯವಾಗಿ 12 ತಿಂಗಳಿಗೆ ಬಿಡುಗಡೆ, ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 3 ವರ್ಷ ಮತ್ತು ಒಂದು ದಿನ. ಕ್ರೆಡಿಟ್ ರಿಪೋರ್ಟಿನಲ್ಲಿ ಗುರುತು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಅಮೆರಿಕದ ಚಾಪ್ಟರ್ 7 (ಇರುವ ಆಸ್ತಿ ಮಾರಿ ಸಾಲಗಾರರಿಗೆ ಹಂಚುವ ಬಗೆಯ ದಿವಾಳಿ) ಆದರೆ 10 ವರ್ಷ. ಭಾರತದಲ್ಲಿ 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಇದೆ. ಆದರೆ 2019ರ ಡಿಸೆಂಬರ್‌ನಲ್ಲಿ ಅದು ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ. ಉಳಿದ ಜನಸಾಮಾನ್ಯರ ಪಾಲಿಗೆ 1909 ಮತ್ತು 1920ರ ಹಳೆಯ ಕಾಯ್ದೆಗಳೇ ಉಳಿದುಕೊಂಡವು. ಹಾಗಾಗಿ ಇಂಟರ್‌ನೆಟ್‌ನಲ್ಲಿ ಬೇರೆ ದೇಶದವರು ಹೇಳಿದ ದಿವಾಳಿ ಕಥೆ ನೋಡಿ ತೀರ್ಮಾನ ಮಾಡಬೇಡಿ ಅಂದರು.

ದಿವಾಳಿಯಿಂದ ಯಾವುದು ಅಳಿಸಿಹೋಗುವುದಿಲ್ಲ ಅನ್ನುವುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದರು. ಅಡಮಾನ ಇಟ್ಟ ವಸ್ತುವಿನ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೇ ಇರುತ್ತದೆ, ಅಂದರೆ ನಮ್ಮ ಮಷೀನು ಉಳಿಯುವುದಿಲ್ಲ. ಜೀವನಾಂಶ, ಕೋರ್ಟಿನ ದಂಡ, ಮೋಸದಿಂದ ಮಾಡಿದ ಸಾಲ ಇವು ಬಹುತೇಕ ಎಲ್ಲ ಕಡೆ ಉಳಿಯುತ್ತವೆ. ಮತ್ತೆ ಜಾಮೀನು. ಸಾಲ ಮಾಡಿದವನು ದಿವಾಳಿಯಾಗಿ ಬಿಡುಗಡೆ ಪಡೆದರೂ ಜಾಮೀನು ಹಾಕಿದವನಿಗೆ ಬಿಡುಗಡೆ ಇಲ್ಲ, ಬ್ಯಾಂಕು ನೇರ ಅವನ ಕಡೆಗೆ ತಿರುಗುತ್ತದೆ. ಇದನ್ನು ಕೇಳಿದಾಗ ನನ್ನ ಕಣ್ಣ ಮುಂದೆ ಬಂದವನು ತಮ್ಮ. ಅವನ ಮಗಳಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ.

ಇಲ್ಲೇ ಸೇವೆಯ ಬಗ್ಗೆ ನನ್ನ ದೊಡ್ಡ ತಕರಾರು. ಜಾಮೀನಿನ ವಿಷಯ ಬಂದದ್ದು ಎರಡನೇ ಭೇಟಿಯಲ್ಲಿ. ಆ ಹಾಳೆಯಲ್ಲಿ ಅಷ್ಟೆಲ್ಲ ಅಂಕಣ ಎಳೆದವರು ‘ಜಾಮೀನು ಯಾರು’ ಅನ್ನುವುದಕ್ಕೂ ಒಂದು ಅಂಕಣ ಎಳೆಯಬೇಕಿತ್ತು. ಮೊದಲ ಭೇಟಿ ಮುಗಿಸಿ ಬಂದ ನಮಗೆ ದಿವಾಳಿಯೇ ಸುಲಭ ಅನ್ನಿಸಿಬಿಟ್ಟಿತ್ತು, ಮನೆಯಲ್ಲಿ ಅದೇ ಮಾತು ನಡೆದಿತ್ತು. ನಾನು ಇದನ್ನು ಆಕೆಗೇ ಹೇಳಿದೆ. ಬೇಜಾರು ಮಾಡಿಕೊಳ್ಳದೆ ಫಾರಂನಲ್ಲಿ ಸೇರಿಸುತ್ತೇವೆ ಅಂದರು.

ಇನ್ನೂ ಕೊರತೆಗಳಿವೆ. ಅಪಾಯಿಂಟ್‌ಮೆಂಟ್ ಸಿಗುವುದು ತಡ. ಕಾಯುವ ಅಷ್ಟೂ ದಿನ ರಿಕವರಿಯವರ ಫೋನು ನಿಲ್ಲುವುದಿಲ್ಲ, ಒಂದು ಸಲ ಸ್ಕೂಲಿನ ಸ್ಟಾಫ್ ರೂಮಿಗೇ ಮಾಡಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಿಂದ ಒಂದು ಒಳ್ಳೆಯ ವ್ಯವಸ್ಥೆ ಇದೆ: ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ಬಹುತೇಕ ಸಾಲಗಳ ವಸೂಲಿ ನಿಲ್ಲುತ್ತದೆ, ಬಡ್ಡಿ ಮತ್ತು ಶುಲ್ಕವೂ ನಿಲ್ಲುತ್ತದೆ. ಅಂಥ ಕಾನೂನು ಇಲ್ಲದ ಕಡೆ ಕೇಂದ್ರದವರು ಮಾಡಬಹುದಾದದ್ದು ‘ಇವರು ನಮ್ಮಲ್ಲಿ ಸಲಹೆ ಪಡೆಯುತ್ತಿದ್ದಾರೆ, ಸಮಯ ಕೊಡಿ’ ಅಂತ ಬ್ಯಾಂಕುಗಳಿಗೆ ಕಾಗದ ಬರೆಯುವುದು ಮಾತ್ರ. ಆ ಕಾಗದವನ್ನು ಅಪಾಯಿಂಟ್‌ಮೆಂಟ್ ಕೊಟ್ಟ ದಿನವೇ ಬರೆದುಕೊಟ್ಟರೆ ಎಷ್ಟೋ ಮನೆಗಳಿಗೆ ನಿದ್ದೆ ಬರುತ್ತದೆ. ಕೂರುವ ಜಾಗವೂ ಸರಿಯಿಲ್ಲ. ಎರಡು ಟೇಬಲ್ ನಡುವೆ ಎದೆಯೆತ್ತರದ ಪ್ಲೈವುಡ್ ಅಡ್ಡಗೋಡೆ, ಪಕ್ಕದಲ್ಲಿ ಒಬ್ಬ ಅಜ್ಜ ತಮ್ಮ ಮಗ ಮಾಡಿಟ್ಟ ಸಾಲದ ಬಗ್ಗೆ ಹೇಳುತ್ತಿದ್ದದ್ದು ಒಂದೊಂದು ಮಾತೂ ಕೇಳಿಸುತ್ತಿತ್ತು. ನಮ್ಮದೂ ಅವರಿಗೆ ಕೇಳಿಸಿರಬೇಕು.

ಪ್ರೆಸ್ಸಿನ ತೆರಿಗೆ ಬಾಕಿಯ ಪ್ರಶ್ನೆಗೆ ಅವರಲ್ಲಿ ಉತ್ತರ ಇರಲಿಲ್ಲ, ಲೆಕ್ಕಪರಿಶೋಧಕರನ್ನು ಕೇಳಿ ಅಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದದ್ದು ನನಗೆ ಹಿಡಿಸಿತು.

ಒಂದು ಪ್ರಶ್ನೆಯನ್ನು ನಾನು ಸಂಕೋಚದಿಂದಲೇ ಕೇಳಿದೆ: ನಿಮ್ಮ ಸಂಬಳ ಎಲ್ಲಿಂದ ಬರುತ್ತದೆ? ಆಕೆ ಮುಚ್ಚಿಡಲಿಲ್ಲ. ಅವರ ಖರ್ಚಿನ ಒಂದು ಭಾಗ ಸಾಲ ಕೊಡುವ ಸಂಸ್ಥೆಗಳ ದೇಣಿಗೆಯಿಂದಲೇ ನಡೆಯುತ್ತದೆ. ಇಂಥ ಉಚಿತ ಕೇಂದ್ರಗಳಲ್ಲಿ ಇದು ಹೊಸದಲ್ಲ, ಬೇರೆ ದೇಶಗಳಲ್ಲೂ ಹೀಗಿದೆ. ಹಾಗಾದರೆ ‘ಪೂರ್ತಿ ಕಟ್ಟಿ’ ಅಂತ ಹೇಳುವ ಕಡೆಗೆ ವಾಲುವುದಿಲ್ಲವೇ ಅಂದೆ. “ಆ ಅನುಮಾನ ಇಟ್ಟುಕೊಳ್ಳಿ ಮೇಡಂ. ನಾವು ಹೇಳಿದ ಮೇಲೆ ಒಬ್ಬ ದಿವಾಳಿ ವಕೀಲರನ್ನೂ ಒಂದು ಸಲ ಕೇಳಿ” ಅಂದರು. ನಾವು ಕೇಳಿದೆವು. ವಕೀಲರು ಒಪ್ಪಿದ್ದು ಹೆಚ್ಚು, ಬದಲಿಸಿದ್ದು ಕಡಿಮೆ. ಅಮೆರಿಕದಲ್ಲಂತೂ 2005ರ ಕಾನೂನು ಬಂದ ಮೇಲೆ ವೈಯಕ್ತಿಕ ದಿವಾಳಿ ಅರ್ಜಿ ಹಾಕುವವರು ಅದಕ್ಕೆ ಮುಂಚಿನ 180 ದಿನಗಳೊಳಗೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಸಲಹೆ ಪಡೆದಿರಲೇಬೇಕು. ಕಡ್ಡಾಯ ಆದರೆ ಅದೊಂದು ಸರ್ಟಿಫಿಕೇಟ್ ಶಾಸ್ತ್ರವಾಗುವ ಭಯ ಇದೆ. ನಾವಾಗಿ ಹೋದದ್ದಕ್ಕೆ ನಮಗೆ ಕೇಳಲು ಪ್ರಶ್ನೆಗಳಿದ್ದವು.

ಕೊನೆಗೆ ನಾವು ಹಿಡಿದ ದಾರಿ ದಿವಾಳಿಯದಲ್ಲ. ಮಷೀನನ್ನು ಜಪ್ತಿ ಮಾಡಿ ಹರಾಜು ಹಾಕಿದರೆ ಬೆಲೆ ಬಿದ್ದುಹೋಗುತ್ತದೆ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ತೆಗೆದುಕೊಂಡು ನೀವೇ ಮಾರಿ ಅಂದರು, ಹಾಗೇ ಮಾಡಿದೆವು. ತಮ್ಮ ಜಾಮೀನು ಹಾಕಿದ ಲೋನಿನ ಕಂತನ್ನು ಅವಧಿ ಹೆಚ್ಚಿಸಿ ಇಳಿಸಿಕೊಂಡೆವು. ಒಟ್ಟು ಬಡ್ಡಿ ಹೆಚ್ಚಾಗುತ್ತದೆ ಅಂತ ಗೊತ್ತಿದ್ದೇ ಒಪ್ಪಿದ್ದು, ತಮ್ಮನ ಹೆಸರು ಕೆಡಬಾರದು ಅಂತ. ಒಂದು ಕಾರ್ಡಿನವರು ಬಡ್ಡಿ ನಿಲ್ಲಿಸಿ ಬಾಕಿಯನ್ನು ಕಂತು ಮಾಡಿಕೊಟ್ಟರು. ಇನ್ನೊಬ್ಬರು ಜಗ್ಗಲಿಲ್ಲ, ಒಂದೇ ಗಂಟಲ್ಲಿ ಕಟ್ಟಿದರೆ ಇಷ್ಟಕ್ಕೆ ಮುಗಿಸುತ್ತೇವೆ ಅಂದರು.

ಆ ಸೆಟ್ಲ್‌ಮೆಂಟ್ ವಿಷಯದಲ್ಲಿ ಕೇಂದ್ರದವರು ನಮ್ಮ ಪಕ್ಕದಲ್ಲೇ ಕೂತು ಒಂದೊಂದು ಸಾಲು ಓದಿದರು. ಬಾಯಿಮಾತಿಗೆ ಒಂದು ಪೈಸೆಯೂ ಕೊಡಬೇಡಿ, ಪೂರ್ತಿ ಮತ್ತು ಅಂತಿಮ ಅನ್ನುವ ಮಾತಿರುವ ಕಾಗದ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಮೊದಲು ಬರಲಿ. ಏಜೆಂಟರ ಕೈಗೆ ನಗದು ಕೊಡಬೇಡಿ, ಸಾಲದ ಖಾತೆಗೇ ಹೋಗಲಿ. ಕಟ್ಟಿದ ಮೇಲೆ ನೋ ಡ್ಯೂಸ್ ಸರ್ಟಿಫಿಕೇಟ್ ಬರುವವರೆಗೆ ಬೆನ್ನು ಬಿಡಬೇಡಿ. ಕ್ರೆಡಿಟ್ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬರುತ್ತದೆ, ಮುಂದೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಕೆಲವು ದೇಶಗಳಲ್ಲಿ ಬಿಟ್ಟುಕೊಟ್ಟ ಮೊತ್ತವನ್ನು ಆದಾಯ ಅಂತ ಹಿಡಿದು ತೆರಿಗೆ ಹಾಕುವುದೂ ಉಂಟು. ಇಷ್ಟನ್ನೂ ತಿಳಿದು ಒಪ್ಪಿದೆವು. ಮೊದಲು ಬಂದ ಕಾಗದದಲ್ಲಿ ‘ಅಂತಿಮ’ ಅನ್ನುವುದೇ ಇರಲಿಲ್ಲ, ‘ಭಾಗಶಃ ಪಾವತಿ’ ಅಂತಿತ್ತು. ಆಕೆ ಆ ಪದದ ಕೆಳಗೆ ಉಗುರಿನಿಂದ ಗೀರಿ ತೋರಿಸದಿದ್ದರೆ ನಾವು ಅದೇ ದಿನ ದುಡ್ಡು ಹಾಕಿಬಿಡುತ್ತಿದ್ದೆವು. ತಿದ್ದಿದ ಕಾಗದ ಬಂದ ಮೇಲೆ ಕಟ್ಟಿದೆವು.

ಭಾವನವರಿಗೆ ವಿಷಯವನ್ನು ಬಿಡಿಸಿ ಹೇಳಿದೆವು. ‘ನನ್ನದು ಕೊನೆಗಿರಲಿ’ ಅಂದರು.

ಈಗ ನಮ್ಮನೆಯವರು ಮನೆಯಲ್ಲೇ ಕೂತು ಬೇರೆ ಪ್ರೆಸ್ಸುಗಳಿಗೆ ಪುಟ ವಿನ್ಯಾಸ ಮಾಡಿಕೊಡುತ್ತಾರೆ. ಬೆನ್ನು ಮತ್ತೆ ಕೈಕೊಟ್ಟರೆ ದಿವಾಳಿ ಅರ್ಜಿಯ ದಾರಿ ಇದ್ದೇ ಇದೆ, ಅದಕ್ಕೆ ಬೇಕಾದ ಕಾಗದಗಳೂ ಅದೇ ಫೈಲಿನಲ್ಲಿವೆ. ಕೇಂದ್ರಕ್ಕೆ ಹೋಗುವವರು ಸಾಲದ ಪತ್ರಗಳು, ಬ್ಯಾಂಕ್ ಸ್ಟೇಟ್‌ಮೆಂಟು, ಬಂದ ನೋಟೀಸುಗಳು, ಒಡೆಯದೆ ಇಟ್ಟ ಲಕೋಟೆಗಳು ಎಲ್ಲವನ್ನೂ ತೆಗೆದುಕೊಂಡು ಹೋಗಿ, ಅವರ ಆನ್‌ಲೈನ್ ಫಾರಂ ಅರ್ಧಕ್ಕೇ ನಿಂತುಹೋಗುತ್ತದೆ, ನಂಬಬೇಡಿ. ನಿಮ್ಮ ಸಾಲಕ್ಕೆ ಯಾರಾದರೂ ಜಾಮೀನು ಹಾಕಿದ್ದರೆ ಅವರನ್ನೂ ಮೊದಲ ಭೇಟಿಗೇ ಕರೆದುಕೊಂಡು ಹೋಗಿ. ಅವರಿಗೆ ಬೇಜಾರಾಗುತ್ತದೆ ಅಂತ ನಾವು ತಮ್ಮನಿಗೆ ತಡವಾಗಿ ಹೇಳಿದೆವು. ಅವನು ಬಂದು ಕೂತ ದಿನವೇ ಅವಧಿ ಹೆಚ್ಚಿಸುವ ಮಾತು ಹೊಳೆದದ್ದು, ಬ್ಯಾಂಕಿನ ಅರ್ಜಿಗೆ ಅವನ ಸಹಿಯೂ ಬೇಕಿತ್ತು.